ಹದಿನೈದು ದಿನದ ಸಂಸ್ಕಾರ ಶಿಬಿರ ಮತ್ತು ಕಾಣೆಯಾದ ಒಂದು ‘ಅಂತೆ’

ಈ ಬೇಸಿಗೆ ರಜೆಯಲ್ಲಿ ಕೊಪ್ಪಳದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಮಕ್ಕಳ ಸಂಸ್ಕಾರ ಶಿಬಿರಕ್ಕೆ ನನ್ನ 9 ವರ್ಷದ ಮಗಳನ್ನೂ ಅಕ್ಕನ 12 ವರ್ಷದ ಮಗನನ್ನೂ ಕಳುಹಿಸಿದ್ದೆ. ಶಿಬಿರ 15 ದಿನದ್ದು, ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂವರೆಯವರೆಗೆ; ಶುಲ್ಕ ತಲೆಗೆ 800 ರೂಪಾಯಿ, ಅದರಲ್ಲಿಯೇ ಉಪಾಹಾರ, ಒಂದು ಕಿರುಹೊತ್ತಗೆ ಮತ್ತು ಕೊನೆಯ ದಿನದ ಪ್ರಮಾಣಪತ್ರ ಸೇರಿದ್ದವು. ಶಿಬಿರ ಮುಗಿದ ವಾರವೇ ವಿಮರ್ಶೆ ಬರೆದಿದ್ದರೆ ನಾನು ಐದಕ್ಕೆ ನಾಲ್ಕು ಅಂಕ ಕೊಟ್ಟು ಸುಮ್ಮನಾಗುತ್ತಿದ್ದೆನೇನೋ. ಮೊಹರಂ ಕಳೆಯುವವರೆಗೆ ಬರೆಯದೆ ಉಳಿದದ್ದರಿಂದ ಲೆಕ್ಕ ಸ್ವಲ್ಪ ಬದಲಾಗಿದೆ. ಯಾಕೆಂದು ಮುಂದೆ ಹೇಳುತ್ತೇನೆ. ನಡೆಸಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಶಿಬಿರಗಳು ಈಗ ಪ್ರತಿ ಊರಿನಲ್ಲಿಯೂ ಇವೆ. ನಾನು ಕಂಡದ್ದನ್ನು ಇನ್ನೊಬ್ಬರು ಬಳ್ಳಾರಿಯಲ್ಲಿಯೋ ಸಿಂಧನೂರಿನಲ್ಲಿಯೋ ಕಂಡಿರಬಹುದು.

ಕಳುಹಿಸುವ ಮೊದಲು ಮನೆಯಲ್ಲಿ ಒಂದು ಸಣ್ಣ ಜಗಳ ನಡೆಯಿತು. ಮಗುವಿಗೆ ಧರ್ಮ ಕಲಿಸುವುದೆಂದರೆ ಅದರ ತಲೆಗೆ ತುಂಬುವುದೇ ಹೊರತು ಬೇರೇನೂ ಅಲ್ಲ, 18 ತುಂಬಲಿ, ಆಮೇಲೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳಲಿ ಎಂಬುದು ನನ್ನ ಯಜಮಾನರ ವಾದ. ನಾವು ಮಗುವನ್ನು ಕೇಳದೆಯೇ ಅದಕ್ಕೆ ಕನ್ನಡ ಕಲಿಸಿದ್ದೇವೆ, ರೊಟ್ಟಿ ತಿನ್ನಲು ಕಲಿಸಿದ್ದೇವೆ, ಹಿರಿಯರು ಬಂದರೆ ಏಳಬೇಕೆಂದು ಕಲಿಸಿದ್ದೇವೆ, ಇದೂ ಹಾಗೆಯೇ ಎಂದು ನಾನು ಹೇಳಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಏಳೆಂಟಲ ಐವತ್ತಾರು ಎಂದು ಹೇಳಿಕೊಟ್ಟರೆ ಮಗು ಹುಣಸೆ ಬೀಜ ಎಣಿಸಿ ನೋಡಬಹುದು, ಆದರೆ ದೇವರು ಸಿಟ್ಟಾಗುತ್ತಾನೆ ಎಂದು ಹೇಳಿಕೊಟ್ಟರೆ ಯಾವ ಬೀಜ ಎಣಿಸಬೇಕು ಎಂದು ಕೇಳಿದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಏನನ್ನೂ ಕಲಿಸದೆ ಬಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ವಿಡಿಯೋ ಮಾಡುವ ಯಾರೋ ಬಂದು ಅಲ್ಲಿ ಕೂರುತ್ತಾರೆ ಎಂದಷ್ಟೇ ಹೇಳಿ ಶುಲ್ಕ ಕಟ್ಟಿಬಂದೆ.

ವ್ಯವಸ್ಥೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸುಮಾರು 90 ಮಕ್ಕಳಿದ್ದರು, ಹತ್ತು ವರ್ಷದ ಒಳಗಿನವರು ಮತ್ತು ಮೇಲಿನವರು ಎಂದು ಎರಡು ಗುಂಪು. ಫ್ಯಾನುಗಳು ಸಾಕಷ್ಟಿದ್ದವು, ಆದರೆ ಕರೆಂಟು ಹೋದರೆ ಜನರೇಟರ್ ಇರಲಿಲ್ಲ. ಏಪ್ರಿಲ್ ಕೊನೆಯ ಕೊಪ್ಪಳದಲ್ಲಿ ಹತ್ತು ಗಂಟೆಯ ಮೇಲೆ ಇದು ಸಣ್ಣ ಮಾತಲ್ಲ. ಕುಡಿಯುವ ನೀರಿನ ಕ್ಯಾನುಗಳು ಮೊದಲ ಮೂರು ದಿನ ಒಂಬತ್ತೂವರೆಗೇ ಬರಿದಾದವು. ಪೋಷಕರು ಹೇಳಿದ ಮೇಲೆ ಸರಿಹೋಯಿತು. ಉಪಾಹಾರ ಚೆನ್ನಾಗಿತ್ತು. ಮಂಡಾಳ ಒಗ್ಗರಣೆಯ ದಿನ ನನ್ನ ಮಗಳು ಮನೆಗೆ ಬಂದು ಊಟವನ್ನೇ ಮಾಡುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಿತ್ತು, ಅದು ಸ್ವಚ್ಛವಾಗಿಯೂ ಇತ್ತು ಎಂಬುದನ್ನು ವಿಶೇಷವಾಗಿ ಬರೆಯಬೇಕಾಗಿ ಬಂದಿರುವುದು ನಮ್ಮ ಊರಿನ ಉಳಿದ ಶಿಬಿರಗಳ ಸ್ಥಿತಿ.

ಪಾಠಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ವಚನ ಮತ್ತು ದಾಸರ ಪದಗಳ ತರಗತಿ. ಅದನ್ನು ತೆಗೆದುಕೊಳ್ಳುತ್ತಿದ್ದವರು ನಿವೃತ್ತ ಕನ್ನಡ ಮೇಷ್ಟರು. ಮಾನ್ವಿ, ಚೀಕಲಪರ್ವಿ, ಮೊಸರಕಲ್ಲು ಎಂಬ ಊರುಗಳ ಹೆಸರು ಹೇಳಿ, ಇಷ್ಟು ಜನ ಹರಿದಾಸರು ನಮ್ಮ ಪಕ್ಕದ ಜಿಲ್ಲೆಯ ಕರಿಮಣ್ಣಿನಲ್ಲಿ ಓಡಾಡಿದವರು ಎಂದು ಆರಂಭಿಸಿದಾಗ ಮಕ್ಕಳ ಕಣ್ಣು ಅರಳಿದ್ದನ್ನು ನಾನೇ ನೋಡಿದೆ. ಮೊದಲ ಕೆಲವು ದಿನ ಪೋಷಕರಿಗೆ ಹಿಂದೆ ಕೂರಲು ಅವಕಾಶವಿತ್ತು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಅವರು ತಿದ್ದಿದ ರೀತಿಯಿಂದ ನನ್ನ ಮಗಳ ಓದು ಎರಡು ವಾರದಲ್ಲಿ ಸುಧಾರಿಸಿತು. ಬಸವಣ್ಣನವರ ಏಳು ‘ಬೇಡ’ಗಳ ವಚನವನ್ನು ಅವರು ಎರಡನೆಯ ದಿನ ಹೇಳಿಕೊಟ್ಟರು. ‘ಮುನಿಯಬೇಡ’ ಎಂಬಲ್ಲಿಗೆ ಬಂದಾಗ ಹುಡುಗನೊಬ್ಬ ಎದ್ದು ನಿಂತು, “ನಮ್ಮಪ್ಪ ದಿನಾ ಮುನೀತಾನ್ರೀ ಸರ್” ಎಂದ. ಮಂಟಪವೇ ನಕ್ಕಿತು. ಮೇಷ್ಟರು ತಾವೂ ನಕ್ಕು, “ಅದಕ್ಕಽ ಬಸವಣ್ಣನವರು ಬರದಿಟ್ಟಾರಪ್ಪ. ಮುನಿಯದವರಿಗೆ ಬರಿಯೂ ಅಗತ್ಯ ಇದ್ದಿದ್ದಿಲ್ಲ. ನಾನೂ ಮುನೀತೀನಿ, ನೀ ನಾಳೆ ಮನಿಪಾಠ ತರದಿದ್ರ ನೋಡ್ತಿಯಂತ” ಎಂದರು. ಮಗು ಆಡಿದ ಮಾತು ಅಲ್ಲಿ ಪಾಠದ ಭಾಗವಾಯಿತು, ಮೇಷ್ಟರು ತಮ್ಮನ್ನೂ ಆ ವಚನದ ಎದುರಿಗೆ ನಿಲ್ಲಿಸಿಕೊಂಡರು. ಧರ್ಮ ಕಲಿಸುವುದೆಲ್ಲವೂ ತಲೆ ತುಂಬುವ ಕೆಲಸ ಎನ್ನುವವರು ಆ ತರಗತಿಯಲ್ಲಿ ಅರ್ಧ ಗಂಟೆ ಕುಳಿತಿದ್ದರೆ ತಮ್ಮ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತಿದ್ದರು.

ಅದೇ ಶಿಬಿರದಲ್ಲಿ, ಅದೇ ವೇದಿಕೆಯ ಮೇಲೆ, ಐದನೆಯ ದಿನ ನಡೆದ ಕಥೆಯ ತರಗತಿ ಇದಕ್ಕೆ ತದ್ವಿರುದ್ಧವಾಗಿತ್ತು. ಕಥೆ ಪ್ರಹ್ಲಾದನದು. ಹೇಳಿದವರು ಉತ್ಸಾಹಿ ಯುವಕ, ಧ್ವನಿ ಚೆನ್ನಾಗಿತ್ತು, ನರಸಿಂಹ ಕಂಬದಿಂದ ಬರುವ ಹೊತ್ತಿಗೆ ಸಣ್ಣ ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಕಥೆ ಮುಗಿದು, ತಂದೆತಾಯಿಯ ಮಾತನ್ನು ಎಂದೂ ಮೀರಬಾರದು ಎಂಬ ಉಪದೇಶಕ್ಕೆ ಅವರು ತಿರುಗಿದಾಗ ನನ್ನ ಮಗಳು ಕೈ ಎತ್ತಿದಳು. “ಪ್ರಹ್ಲಾದ ಅಪ್ಪ ಹೇಳಿದ್ದು ಕೇಳ್ಲಿಲ್ಲ, ಆದ್ರೂ ಅವ ಛಲೋ ಹುಡುಗ. ನಾವು ಕೇಳಲಿಲ್ಲಂದ್ರ ಕೆಟ್ಟವ್ರು ಹೆಂಗ ಆಗ್ತೀವ್ರಿ?” ಎಂದು ಕೇಳಿದಳು. ಒಂಬತ್ತು ವರ್ಷದವಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆಯುವುದು ಕಷ್ಟ ಎಂದು ನಾನು ಹಿಂದಿನ ಸಾಲಿನಲ್ಲಿ ಬೀಗುತ್ತಿದ್ದೆ. ಉತ್ತರ ಹೀಗೆ ಬಂತು: “ದೇವರ ಕಥಿಯೊಳಗ ಹಿಂಗೆಲ್ಲ ತರ್ಕ ಮಾಡಬಾರದು. ಮಾಡಿದವರಿಗೆ ವಿದ್ಯಾ ಹತ್ತಂಗಿಲ್ಲ.” ಮಗಳು ಕುಳಿತಳು. ಮುಂದಿನ ಹತ್ತು ದಿನದಲ್ಲಿ ಅವಳು ಮತ್ತೆ ಕೈ ಎತ್ತಿದ್ದು ನೀರು ಕುಡಿಯಲು ಹೋಗುವುದಕ್ಕೆ ಮಾತ್ರ.

ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಅದು ನಮ್ಮ ಈ ವಿಷಯದ್ದೇ ಕಥೆ. ಹಿರಣ್ಯಕಶಿಪು ಮಗನನ್ನು ಗುರುಮನೆಗೆ ಕಳುಹಿಸುತ್ತಾನೆ. ಶಂಡ ಮತ್ತು ಅಮರ್ಕರೆಂಬ ಇಬ್ಬರು ಗುರುಗಳು, ಶುಕ್ರಾಚಾರ್ಯರ ಮಕ್ಕಳು, ರಾಜನಿಗೆ ಬೇಕಾದ ಪಠ್ಯವನ್ನು ಹುಡುಗನಿಗೆ ಉರು ಹೊಡೆಸುತ್ತಾರೆ. ಹುಡುಗ ಒಪ್ಪುವುದಿಲ್ಲ, ಗುರುಗಳು ಇಲ್ಲದ ಹೊತ್ತು ನೋಡಿ ಜೊತೆಯ ಹುಡುಗರಿಗೆ ತನ್ನ ಮಾತು ಹೇಳುತ್ತಾನೆ. ಹಾಗಾದರೆ ಪ್ರಹ್ಲಾದ ಎಲ್ಲವನ್ನೂ ತಾನೇ ಯೋಚಿಸಿ ಕಂಡುಕೊಂಡವನೇ ಎಂದರೆ, ಅದೂ ಅಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಾರದರಿಂದ ಕೇಳಿಸಿಕೊಂಡಿದ್ದ ಎನ್ನುತ್ತದೆ ಭಾಗವತ. ಹದಿನೆಂಟು ತುಂಬಲಿ ಎನ್ನುವ ನನ್ನ ಯಜಮಾನರಿಗೆ ಇದನ್ನು ಹೇಳಿದಾಗ ಅವರು, ಗರ್ಭಕ್ಕೇ ನುಗ್ಗಿ ಪಾಠ ಮಾಡಿದ ನಾರದರಿಗಿಂತ ದೊಡ್ಡ ಶಿಬಿರದವರು ಯಾರಿದ್ದಾರೆ ಎಂದು ನಕ್ಕರು. ನಾರದರು, ಹಿರಣ್ಯಕಶಿಪು ಇಬ್ಬರೂ ಕಲಿಸಿದವರೇ, ಇಬ್ಬರೂ ಮಗುವನ್ನು ಕೇಳಿ ಕಲಿಸಿದವರಲ್ಲ. ಆದರೆ ನಾರದರು ಹೇಳಿ ಹೋದರು, ಹಿರಣ್ಯಕಶಿಪು ಬೆಟ್ಟದಿಂದ ತಳ್ಳಿಸಿದ. ಒಪ್ಪದಿದ್ದರೆ ಏನಾಗುತ್ತದೆ ಎಂಬಲ್ಲಿ ಇಬ್ಬರಿಗೂ ಇರುವ ಅಂತರ ಕಾಣುತ್ತದೆ. ತರ್ಕ ಮಾಡಿದರೆ ವಿದ್ಯೆ ಹತ್ತುವುದಿಲ್ಲ ಎಂದ ಆ ಯುವಕ ಬಹಳ ಒಳ್ಳೆಯ ಮನಸ್ಸಿನವನಾಗಿದ್ದರೂ ತನಗರಿಯದೆ ಆ ಹೊತ್ತಿಗೆ ತಪ್ಪು ಪಾತ್ರವನ್ನು ವಹಿಸಿದ.

ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಇದ್ದವರು ಯಾರು ಯಾರೆಂದು ನಾನು ಆ ದಿನ ಎಣಿಸಿದೆ. ಪ್ರಹ್ಲಾದ ಇದ್ದ. ದಾನ ಕೊಡುತ್ತಿದ್ದ ಅಪ್ಪನನ್ನು ‘ನನ್ನನ್ನು ಯಾರಿಗೆ ಕೊಡುತ್ತೀ’ ಎಂದು ಮತ್ತೆ ಮತ್ತೆ ಕೇಳಿ, ಸಿಟ್ಟಿಗೆದ್ದ ಅಪ್ಪನಿಂದ ಯಮನಿಗೆ ದಾನವಾಗಿ, ಯಮನನ್ನೂ ಪ್ರಶ್ನೆಯಿಂದಲೇ ಗೆದ್ದ ನಚಿಕೇತ ಇದ್ದ. ಬಾಲಕನಾಗಿದ್ದಾಗಲೇ ಉಪನಯನ ಬೇಡವೆಂದನೆಂದು ಪುರಾಣಗಳು ಹೇಳುವ ಬಸವಣ್ಣನವರ ಪಟವಿತ್ತು. ಮೂವರೂ ಹಿರಿಯರ ಎದುರು ನಿಂತು ಮಾತನಾಡಿದ ಮಕ್ಕಳು. ಮೂವರ ಪಟಕ್ಕೂ ದಿನಾ ಹೂವಿನ ಹಾರ ಬೀಳುತ್ತಿತ್ತು, ಪಟದ ಕೆಳಗೆ ಕೂತ ಮಗು ಮಾತ್ರ ಪ್ರಶ್ನೆ ಕೇಳುವಂತಿರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಹೊಳೆದ ಒಂದು ಸಂಗತಿ ವ್ಯಾಕರಣದ್ದು. ನನ್ನ ಅವ್ವ ಇದೇ ಪ್ರಹ್ಲಾದನ ಕಥೆಯನ್ನು ನನಗೆ ನೂರು ಸಲ ಹೇಳಿದ್ದಾಳೆ. ‘ಒಬ್ಬ ರಾಜ ಇದ್ದನಂತ, ಅವಗೊಬ್ಬ ಮಗ ಇದ್ದನಂತ, ಕಂಬ ಒಡದು ನರಸಿಂಹ ಬಂದನಂತ’ ಎಂದು ಪ್ರತಿ ವಾಕ್ಯಕ್ಕೂ ಒಂದು ‘ಅಂತ’ ಇರುತ್ತಿತ್ತು. ಪುಸ್ತಕದ ಕನ್ನಡದಲ್ಲಿ ಅದು ‘ಅಂತೆ’. ಅಂತೆಕಂತೆ ಎಂದು ಹಗುರವಾಗಿ ಆಡುತ್ತೇವೆ, ಆದರೆ ಆ ಎರಡಕ್ಷರ ಮಾಡುವ ಕೆಲಸ ದೊಡ್ಡದು. ಇದನ್ನು ನಾನು ಕಂಡಿಲ್ಲ, ಕೇಳಿದ್ದೇನೆ, ಕೇಳಿದ್ದನ್ನು ನಿನಗೆ ಒಪ್ಪಿಸುತ್ತಿದ್ದೇನೆ ಎಂದು ಹೇಳುವವಳು ತಾನೇ ಒಪ್ಪಿಕೊಳ್ಳುತ್ತಾಳೆ. ಕೇಳುವ ಮಗುವಿಗೆ ನಂಬಲೂ ಜಾಗ ಉಳಿಯುತ್ತದೆ, ಮುಂದೊಂದು ದಿನ ನಂಬದಿರಲೂ ಜಾಗ ಉಳಿಯುತ್ತದೆ. ಹಾಗೆಂದು ಅವ್ವನ ಭಕ್ತಿಗೆ ಆ ‘ಅಂತ’ದಿಂದ ಎಳ್ಳಷ್ಟೂ ಕುಂದಾಗಿರಲಿಲ್ಲ. ಶಿಬಿರದ ಕಥೆಗಳಲ್ಲಿ ‘ಅಂತೆ’ ಇರಲಿಲ್ಲ. ಅಲ್ಲಿ ಎಲ್ಲವೂ ‘ಇತ್ತು’, ‘ಆಯಿತು’, ‘ಆಗುತ್ತದೆ’. ಯಜಮಾನರು ಕೇಳಿದ ಹುಣಸೆ ಬೀಜದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಎಣಿಸಿ ನೋಡಲಾಗದ್ದನ್ನು ಮಗುವಿಗೆ ಹೇಳಬಾರದೆಂದಲ್ಲ, ಎಣಿಸಿ ನೋಡಬಹುದಾದ ಮಾತಿನ ಧಾಟಿಯಲ್ಲಿ ಅದನ್ನು ಹೇಳಬಾರದು.

ಧಾಟಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಶಿಬಿರದಲ್ಲಿ ಮಕ್ಕಳಿಗೆ ‘ನಿಯಮ ಪತ್ರ’ ಎಂಬ ಒಂದು ಕಾರ್ಡು ಕೊಟ್ಟಿದ್ದರು. ಎದ್ದ ಕೂಡಲೇ ಭೂಮಿಗೆ ನಮಸ್ಕಾರ, ತಂದೆತಾಯಿಗೆ ನಮಸ್ಕಾರ, ಊಟಕ್ಕೆ ಮುನ್ನ ಶ್ಲೋಕ, ಮಲಗುವ ಮುನ್ನ ಜಪ ಎಂದು ದಿನಕ್ಕೆ ನಾಲ್ಕು ಚೌಕಗಳು. ಮಾಡಿದ್ದಕ್ಕೆ ಟಿಕ್ಕು, ಕೆಳಗೆ ಪೋಷಕರ ಸಹಿ. ಕಾರ್ಡಿನಲ್ಲಿ ಬರೆದದ್ದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಎದ್ದು ಮಗಳು ಕಾಲಿಗೆ ನಮಸ್ಕರಿಸಿದಾಗ ಯಜಮಾನರಿಗೇ ಮುಜುಗರದ ಜೊತೆಗೆ ಖುಷಿಯೂ ಆಯಿತು. ಹತ್ತನೆಯ ದಿನ ಅವಳಿಗೆ ಜ್ವರ ಬಂತು. ರಾತ್ರಿ ಒಂದು ಗಂಟೆಗೆ ಎದ್ದು ಕುಳಿತು ಅಳುತ್ತಿದ್ದಳು. ಹಿಂದಿನ ರಾತ್ರಿ ಜಪ ಬಿಟ್ಟಿದ್ದರಿಂದಲೇ ಜ್ವರ ಬಂದಿದೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಹೀಗೆಂದು ಅವಳಿಗೆ ನೇರವಾಗಿ ಯಾರೂ ಹೇಳಿರಲಿಲ್ಲ. ತರ್ಕ ಮಾಡಿದರೆ ವಿದ್ಯೆ ಹತ್ತುವುದಿಲ್ಲ ಎಂದ ಮೇಲೆ, ಜಪ ಬಿಟ್ಟರೆ ಜ್ವರ ಬರುತ್ತದೆ ಎಂಬಲ್ಲಿಗೆ ಮಗು ತಾನೇ ನಡೆದುಕೊಂಡು ಹೋಗುತ್ತದೆ. ದಾರಿ ತೋರಿಸಿದ್ದು ನಾವು. ಬೆಳಿಗ್ಗೆ ಡಾಕ್ಟರು ಗಂಟಲು ನೋಡಿ ಔಷಧ ಕೊಟ್ಟರು. ಕಾರ್ಡಿಗೆ ನಾನು ಸಹಿ ಹಾಕುವುದನ್ನು ಅಂದಿನಿಂದ ನಿಲ್ಲಿಸಿದೆ.

ಅಕ್ಕನ ಮಗನ ಅನುಭವ ಬೇರೆಯದು. ದೊಡ್ಡ ಮಕ್ಕಳ ಗುಂಪಿನಲ್ಲಿ ಯೋಗಾಸನ ಚೆನ್ನಾಗಿ ಕಲಿಸಿದರು. ಸಮಾರೋಪದಲ್ಲಿ ಅವನು ಭಾಷಣ ಮಾಡಿ ಬಹುಮಾನವನ್ನೂ ಪಡೆದ. ಬೈಕಿನಲ್ಲಿ ಮನೆಗೆ ಬರುವಾಗ, “ಚಿಗವ್ವ, ನಾ ಹೇಳಿದ್ದು ನನಗಽ ಪೂರ್ತಿ ತಿಳಿಲಿಲ್ಲ, ಆದ್ರ ಚಪ್ಪಾಳಿ ಭಾಳ ಬಂತು” ಎಂದ. ಹನ್ನೆರಡು ವರ್ಷಕ್ಕೆ ಇಷ್ಟು ಪ್ರಾಮಾಣಿಕತೆ ಇರುವವನ ಬಗ್ಗೆ ನನಗೆ ಚಿಂತೆಯಿಲ್ಲ.

ನಾನು ಪದವಿಪೂರ್ವ ತರಗತಿಗೆ ರಾಜ್ಯಶಾಸ್ತ್ರ ಪಾಠ ಮಾಡುವವಳಾದ್ದರಿಂದ ಈ ವಿಷಯದಲ್ಲಿ ನನಗೆ ಕಾನೂನಿನ ಪುಟವೂ ನೆನಪಾಗುತ್ತದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಂಥ ಬೋಧನೆ ಇದ್ದರೂ ಒಪ್ಪಿಗೆಯಿಲ್ಲದೆ ಯಾರನ್ನೂ ಅದರಲ್ಲಿ ಕೂರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮಬೋಧನೆ ಬೇರೆ ಎಂಬ ಗೆರೆಯನ್ನು ಸುಪ್ರೀಂ ಕೋರ್ಟು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಎಳೆಯಿತು. ಆದರೆ ಕಲ್ಯಾಣ ಮಂಟಪದ ಬೇಸಿಗೆ ಶಿಬಿರ ಶಾಲೆಯಲ್ಲ. ಅಲ್ಲಿ ಗೆರೆ ಎಳೆಯುವವರು ನಾವೇ. ಇನ್ನೂ ಒಂದು ಸೂಕ್ಷ್ಮವಿದೆ: 28ನೇ ವಿಧಿ ಒಪ್ಪಿಗೆ ಕೇಳುವುದು ನನ್ನನ್ನು, ಮಗಳನ್ನಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 1992ರಲ್ಲಿ ಭಾರತವೂ ಒಪ್ಪಿಕೊಂಡದ್ದು, ತನ್ನ 14ನೇ ವಿಧಿಯಲ್ಲಿ ವಿಚಾರ, ಅಂತಃಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯ ಮಗುವಿನದೇ ಎನ್ನುತ್ತದೆ. ದಾರಿ ತೋರುವ ಹಕ್ಕನ್ನು ಹೆತ್ತವರಿಗೆ ಕೊಡುತ್ತದೆ, ಅದೂ ಮಗುವಿನ ತಿಳಿವಳಿಕೆ ಬೆಳೆದಂತೆ ಬದಲಾಗಬೇಕಾದ ರೀತಿಯಲ್ಲಿ. ಹೆತ್ತವರ ಒಪ್ಪಿಗೆಯೊಂದೇ ಸಾಕು ಎನ್ನುವವರಿಗೆ ಕೊಪ್ಪಳ, ರಾಯಚೂರು, ಬಳ್ಳಾರಿಯಂಥ ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಮಾಡಿದವರು ಹೆಚ್ಚಾಗಿ ಹೆತ್ತವರೇ. ಅದನ್ನು ತಡೆಯಲು ರಾಜ್ಯ 1982ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಶ್ಲೋಕ ಕಲಿಸುವುದನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ, ನಾನು ಇಡುವುದೂ ಇಲ್ಲ. ಹೆತ್ತವರಿಗೆ ಒಪ್ಪಿಗೆಯಾದದ್ದೆಲ್ಲ ಮಗುವಿಗೆ ಒಳ್ಳೆಯದಾಗಿರುವುದಿಲ್ಲ ಎಂಬಷ್ಟಕ್ಕೆ ಮಾತ್ರ ಅದನ್ನು ನೆನೆದೆ.

ಇದು ಒಂದು ಧರ್ಮದವರ ಮಾತೂ ಅಲ್ಲ. ನಮ್ಮ ಓಣಿಯಲ್ಲಿ ಅದೇ ರಜೆಯ ದಿನಗಳಲ್ಲಿ ಕೆಲವು ಮಕ್ಕಳು ಬೆಳಿಗ್ಗೆ ಕುರ್‌ಆನ್ ಓದು ಕಲಿಸುವ ಮಕ್ತಬಕ್ಕೆ ಹೋಗುತ್ತಿದ್ದರು, ಕೆಲವರು ಚರ್ಚಿನ ರಜಾ ಬೈಬಲ್ ಶಾಲೆಗೆ ಹೋಗುತ್ತಿದ್ದರು. ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ಮಗುವಿನ ಬಿಸ್ಮಿಲ್ಲಾ, ಅಂದರೆ ಮೊದಲ ಪಾಠದ ಶಾಸ್ತ್ರ, ಮಾಡಿಸುವ ಪದ್ಧತಿ ಇರುವ ಮನೆಯ ನನ್ನ ಸಹೋದ್ಯೋಗಿಯನ್ನು ಕೇಳಿದಾಗ ಅವರು, ಎಲ್ಲವೂ ಉಸ್ತಾದರು ಯಾರೆಂಬುದರ ಮೇಲಿದೆ ಮೇಡಂ, ಒಬ್ಬರು ನನ್ನ ಮಗನಿಗೆ ಅಕ್ಷರ ಕಲಿಸಿದರು, ಇನ್ನೊಬ್ಬರು ಬರೀ ನರಕ ಕಲಿಸಿದರು, ಎರಡನೆಯವರಿಂದ ಬಿಡಿಸಿದೆ ಎಂದರು. ಶಿಬಿರದ ಆಯೋಜಕರಿಗಿಂತ ಅವರ ಮಾತು ನನಗೆ ಬೇಗ ಅರ್ಥವಾಯಿತು.

ಈಗ ಕೊನೆಯ ದಿನದ ವಿಷಯ. ಪ್ರತಿದಿನದ ಕೊನೆಯ ಅರ್ಧ ಗಂಟೆ ಹೊರಗಿನಿಂದ ಬಂದ ಭಾಷಣಕಾರರಿಗೆ ಮೀಸಲಾಗಿತ್ತು. ಕೆಲವರು ಚೆನ್ನಾಗಿ ಮಾತನಾಡಿದರು, ಕೆಲವರು ಮಕ್ಕಳನ್ನು ಮರೆತು ಮಾತನಾಡಿದರು. ಹದಿನೈದನೆಯ ದಿನ ಬಂದವರು ಮಕ್ಕಳನ್ನು ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ಬೇರೆಯವರ ದೇವರಿಗೆ ಕೈ ಮುಗಿಯುವುದಿಲ್ಲ, ಅವರು ಕೊಟ್ಟ ಪ್ರಸಾದ ತಿನ್ನುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿದರು. ಕೈ ಮುಗಿದರೆ, ತಿಂದರೆ ಮನೆದೇವರು ಮುನಿಯುತ್ತಾನೆ ಎಂದು ಸೇರಿಸಿದರು. ಮುನಿಯಬೇಡ ಎಂಬುದನ್ನು ಎರಡನೆಯ ದಿನ ಕಲಿತ ಮಕ್ಕಳು ಹದಿನೈದನೆಯ ದಿನ ಮುನಿಯುವ ದೇವರನ್ನು ಮನೆಗೆ ಕರೆದುಕೊಂಡು ಬಂದರು. ಅದೇ ವಚನದ ಕೊನೆಯ ಎರಡು ‘ಬೇಡ’ಗಳು ತನ್ನನ್ನು ಬಣ್ಣಿಸಿಕೊಳ್ಳುವುದನ್ನೂ ಎದುರಿನವರನ್ನು ಹಳಿಯುವುದನ್ನೂ ಕುರಿತವು ಎಂಬುದನ್ನು ಆ ಭಾಷಣಕಾರರಿಗೆ ಮೇಷ್ಟರಾದರೂ ನೆನಪಿಸಬಹುದಿತ್ತು. ಅವರು ಆ ದಿನ ಬಂದಿರಲಿಲ್ಲ.

ಬೇಸರವಾಗುವುದು ಇನ್ನೊಂದು ಕಾರಣಕ್ಕೆ. ಈ ಶಿಬಿರ ನಡೆದದ್ದು ಕೊಪ್ಪಳದಲ್ಲಿ. ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಕಿರುಶಾಸನಗಳಿವೆ. ಮಕ್ಕಳನ್ನು ಒಂದು ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಿದ್ದರೆ, ಒಬ್ಬ ಚಕ್ರವರ್ತಿ ಬಂಡೆಯ ಮೇಲೆ ಧರ್ಮದ ಬಗ್ಗೆ ಏನು ಬರೆಸಿದ್ದಾನೆಂದು ತೋರಿಸಬಹುದಿತ್ತು. ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಅದರಲ್ಲಿ ಒಂದು ವರ್ಷ ನಾನು ಹೆಚ್ಚು ಪ್ರಯತ್ನ ಮಾಡಲಿಲ್ಲ ಎಂಬ ಅರ್ಥದ ಮಾತನ್ನು ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ಬಂಡೆಗೆ ಬರೆಸಿ ಊರಿಗೆಲ್ಲ ಓದಿಸುವುದೂ ಒಂದು ಬಗೆಯ ತುಂಬುವಿಕೆಯೇ, ಇಲ್ಲವೆನ್ನುವುದಿಲ್ಲ. ಆದರೆ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೊರೆಸಿದ ಧರ್ಮಬೋಧಕ ಮಕ್ಕಳಿಗೆ ಪರಿಚಯವಾಗಬೇಕಾದವನು. ಅವನದೇ ಹನ್ನೆರಡನೆಯ ಶಾಸನ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತದ್ದು, ಕಾರಣವಿಲ್ಲದೆ ತನ್ನ ಮತವನ್ನು ಹೊಗಳಿ ಪರಮತವನ್ನು ತೆಗಳುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಎನ್ನುತ್ತದೆ. ಬಸವಣ್ಣನವರ ಆ ಎರಡು ‘ಬೇಡ’ಗಳ ಪಕ್ಕದಲ್ಲಿ ಇದನ್ನಿಟ್ಟು ಹೇಳಿಕೊಟ್ಟಿದ್ದರೆ ಹದಿನೈದು ದಿನದ ಇಡೀ ಪಠ್ಯ ಅಷ್ಟರಲ್ಲಿಯೇ ಆಗುತ್ತಿತ್ತು.

ಮೊಹರಂಗೆ ನಾವು ಪ್ರತಿ ವರ್ಷ ಕುಷ್ಟಗಿ ತಾಲ್ಲೂಕಿನ ನನ್ನ ತವರಿಗೆ ಹೋಗುತ್ತೇವೆ. ಊರಿನಲ್ಲಿ ಮುಸಲ್ಮಾನರ ಮನೆಗಳು ಎರಡೇ ಎರಡು. ಅಲಾಯಿ ದೇವರು ಎಂದು ಕರೆಯುವ ಮೊಹರಂ ಪಂಜಾಗಳನ್ನು ಹಿಡಿಯುವವರು, ಬೆಂಕಿಯ ಕುಣಿ ತೋಡುವವರು, ಹೆಜ್ಜೆ ಹಾಕುವವರು ಎಲ್ಲ ಉಳಿದ ಜಾತಿಯವರು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿದವರಿಗೆ ಇದು ಹೊಸದೇನಲ್ಲ. ನಾನು ಆರು ವರ್ಷದವಳಿದ್ದಾಗ ಮೈಗೆ ಹುಷಾರಿಲ್ಲದೆ ಅವ್ವ ಹರಕೆ ಹೊತ್ತು, ಕೊರಳಿಗೆ ಲಾಡಿ ಹಾಕಿಸಿ ನನ್ನನ್ನು ಫಕೀರಳನ್ನಾಗಿ ಮಾಡಿದ್ದಳು. ನನ್ನನ್ನು ಯಾರೂ ಕೇಳಿರಲಿಲ್ಲ. ಶಿಬಿರದವರನ್ನು ದೂರುವಾಗ ಇದನ್ನು ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ. ನಮ್ಮವ್ವನೂ ತನ್ನ ನಂಬಿಕೆಯನ್ನು ನನ್ನ ಕೊರಳಿಗೇ ಕಟ್ಟಿದಳು. ಆದರೆ ಆ ಲಾಡಿಯ ಜೊತೆಗೆ ಯಾರನ್ನೂ ದೂರ ಇಡುವ ಮಾತು ಇರಲಿಲ್ಲ, ಬಿಚ್ಚಿದ ಮೇಲೆ ಯಾರೂ ಲೆಕ್ಕ ಕೇಳಲಿಲ್ಲ, ನಾನು ದೊಡ್ಡವಳಾಗಿ ಅದನ್ನೆಲ್ಲ ನಂಬುವುದಿಲ್ಲವೆಂದಾಗ ಅವ್ವ, ‘ಬಿಡು, ನಿನ್ನ ಪಾಲಿಂದೂ ನಾನಽ ನಂಬ್ತೀನಿ’ ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಈ ವರ್ಷ ಅವ್ವ ಎಂದಿನಂತೆ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬಂದು ಮೊಮ್ಮಗಳ ಕೈಗೆ ಹಾಕಿದಳು. ಮಗಳು ನನ್ನ ಸೆರಗಿನ ಹಿಂದೆ ಸರಿದು ಮೆಲ್ಲಗೆ, “ಅವ್ವಾ, ನಾ ತಿನ್ನಂಗಿಲ್ಲ, ಮನಿದೇವ್ರು ಸಿಟ್ಟಾಗ್ತಾನ” ಎಂದಳು. ಅವ್ವನ ಕಿವಿ ಚುರುಕು. “ಸಿಟ್ಟಾಗೂ ದೇವ್ರು ನಮ್ಮನ್ಯಾಗ ಇಲ್ಲವ್ವ. ಇದ್ದಿದ್ರ ನಿಮ್ಮಜ್ಜನ ಸಂಗಾಟ ನಲವತ್ತು ವರ್ಷ ಬಾಳೇ ಮಾಡೂ ಮುಂದ ನನಗರ ಕಾಣ್ತಿದ್ದಿಲ್ಲೇನು?” ಎಂದು ನಕ್ಕಳು. ಸುತ್ತಲಿನವರೂ ನಕ್ಕರು. ಮಗಳು ನಗಲಿಲ್ಲ. ಸಕ್ಕರೆಯನ್ನು ತಿನ್ನಲೂ ಇಲ್ಲ, ಚೆಲ್ಲಲೂ ಇಲ್ಲ. ಕುಣಿಯ ಸುತ್ತ ಹೆಜ್ಜೆ ಮುಗಿಯುವವರೆಗೆ ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಬೆವರಿಗೆ ಅದು ಕರಗಿ ಬೆರಳ ಸಂದಿಯಿಂದ ಇಳಿದದ್ದನ್ನು ನೋಡಿದೆ. ಅಂಕ ಕಡಿಮೆಯಾದದ್ದು ಆಗ.

ಊರಿಂದ ಬಂದು ಆಯೋಜಕರನ್ನು ಭೇಟಿ ಮಾಡಿದೆ. ಅವರು ಕೂರಿಸಿ ಮಾತನಾಡಿಸಿದರು ಎಂಬುದನ್ನು ಹೇಳಲೇಬೇಕು. ಕೊನೆಯ ದಿನದ ಭಾಷಣಕಾರರು ಹೊರಗಿನವರು, ಅವರು ಏನು ಮಾತನಾಡುತ್ತಾರೆಂದು ಮೊದಲೇ ಕೇಳಿರಲಿಲ್ಲ ಎಂದರು. 90 ಮಕ್ಕಳ ಕೈಯನ್ನು ಒಬ್ಬರಿಗೆ ಒಪ್ಪಿಸುವ ಮೊದಲು ಕೇಳಬೇಕಿತ್ತು ಎಂದೆ. ಪ್ರಶ್ನೆಗಳಿಗೆ ಸಮಯ ಸಾಲುವುದಿಲ್ಲ ಎಂಬ ಅವರ ಇನ್ನೊಂದು ಮಾತನ್ನು ನಾನು ಒಪ್ಪಲಿಲ್ಲ. ದಿನಕ್ಕೆ ನಾಲ್ಕು ಗಂಟೆಯಂತೆ 15 ದಿನಕ್ಕೆ 60 ಗಂಟೆಯಾಯಿತು, ಅದರಲ್ಲಿ ಪ್ರಮಾಣಪತ್ರ ವಿತರಣೆಗೆ ಒಂದೂವರೆ ಗಂಟೆ ಸಿಕ್ಕಿತ್ತು. ದಸರಾ ರಜೆಯ ತಂಡದಲ್ಲಿ ಒಂದು ಪ್ರಶ್ನೆ ಡಬ್ಬಿ ಇಡುತ್ತೇವೆ, ಮೇಷ್ಟರೇ ಅದನ್ನು ತೆರೆದು ಉತ್ತರಿಸುತ್ತಾರೆ, ಪ್ರತಿಜ್ಞೆ ಇರುವುದಿಲ್ಲ ಎಂದು ಒಪ್ಪಿಕೊಂಡರು. ನಿಯಮ ಪತ್ರವನ್ನು ಬಿಡಲು ಮಾತ್ರ ಅವರಿಗೆ ಮನಸ್ಸಿಲ್ಲ, ಬಹಳ ಪೋಷಕರು ಅದನ್ನೇ ಮೆಚ್ಚುತ್ತಾರಂತೆ.

ಸೇರಿಸಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟು. ಮೊದಲ ದಿನ ಹಿಂದಿನ ಸಾಲಿನಲ್ಲಿ ಕುಳಿತು, ಮಗು ಪ್ರಶ್ನೆ ಕೇಳಿದಾಗ ಹೇಳಿಕೊಡುವವರ ಮುಖ ನೋಡಿ. ಪಠ್ಯಕ್ರಮದ ಪಟ್ಟಿಯನ್ನು ಆಮೇಲೆ ಓದಿದರೂ ನಡೆಯುತ್ತದೆ. ಹೊರಗಿನ ಭಾಷಣ ಇರುವ ದಿನ ಹನ್ನೊಂದಕ್ಕೇ ಹೋಗಿ ಕರೆದುಕೊಂಡು ಬನ್ನಿ. ನೀರಿನ ಬಾಟಲಿ ಕಳುಹಿಸಿ. ಉಚ್ಚಾರಣೆ, ವಚನ, ದಾಸರ ಪದ ಮತ್ತು ಯೋಗಕ್ಕೆ ಐದಕ್ಕೆ ನಾಲ್ಕೂವರೆ. ಕಥೆಯ ತರಗತಿಗೆ ಎರಡು. ಕೊನೆಯ ಅರ್ಧ ಗಂಟೆಗೆ ಏನೂ ಇಲ್ಲ. ಒಟ್ಟಾರೆ ಎರಡೂವರೆ ಕೊಟ್ಟಿದ್ದೇನೆ.

ದಸರಾ ತಂಡಕ್ಕೆ ಹೋಗುತ್ತೀಯಾ ಎಂದು ಈ ಸಲ ಮಗಳನ್ನೇ ಕೇಳಿದೆ. ಮೇಷ್ಟರು ಬರುವುದಾದರೆ ಹೋಗುತ್ತೇನೆ ಎಂದಳು. ಡಬ್ಬಿಯಲ್ಲಿ ಹಾಕುವ ಚೀಟಿಯ ಮೇಲೆ ಹೆಸರು ಬರೆಯಬೇಕೋ ಬೇಡವೋ ಎಂದು ಕೇಳಿ ತಿಳಿದುಕೊಂಡು ಬರಲು ನನಗೆ ಹೇಳಿದ್ದಾಳೆ.